ಬಯಲಲ್ಲಿದ್ದರೂ ಮುಚ್ಚಿದ ಪೆಟ್ಟಿಗೆ: ಚಿತ್ರದುರ್ಗದ ಹಿತ್ತಲೊಂದರ ಗ್ಯಾಸ್ ಬಾರ್ಬೆಕ್ಯೂ ಪ್ರಕರಣ

ಚಿತ್ರದುರ್ಗದ ಅಂಚಿನಲ್ಲಿರುವ ಹೊಸ ಬಡಾವಣೆಯ ಮನೆ ಇದು. ಹಿತ್ತಲಿನಲ್ಲಿ ಕಟ್ಟೆ ಕಟ್ಟಿಸಿ, ಅದರೊಳಗೆ ಗ್ಯಾಸ್ ಬಾರ್ಬೆಕ್ಯೂ ಕೂರಿಸಿದ್ದರು. ಕೆಲಸ ಮಾಡಿದವರಲ್ಲಿ ಯಾರೂ ಕಾಟಾಚಾರಕ್ಕೆ ಮಾಡಿದವರಲ್ಲ. ಗಾರೆ ನಯವಾಗಿತ್ತು, ಗ್ರಾನೈಟಿನ ಅಂಚು ಚೊಕ್ಕವಾಗಿತ್ತು, ಕಟ್ಟೆಯ ಬಾಗಿಲುಗಳು ಸಂದಿಲ್ಲದೆ ಮುಚ್ಚಿಕೊಳ್ಳುತ್ತಿದ್ದವು. ಅಪಾಯ ಹುಟ್ಟಿದ್ದು ಆ ಅಚ್ಚುಕಟ್ಟುತನದಿಂದಲೇ. ಆದ್ದರಿಂದಲೇ ಇದನ್ನು ವಿವರವಾಗಿ ಬರೆದಿಡುತ್ತಿದ್ದೇನೆ. ಹೊರಾಂಗಣದ ಅಡುಗೆ ಕಟ್ಟೆಗಳ ವಿನ್ಯಾಸ ಮತ್ತು ಗ್ಯಾಸ್ ಕೊಳವೆಯ ಜೋಡಣೆ ನನ್ನ ವೃತ್ತಿ. ಮನೆಯವರ ಒಪ್ಪಿಗೆ ಪಡೆದಿದ್ದೇನೆ; ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಮನೆಯಲ್ಲಿ ನಿವೃತ್ತ ಯಜಮಾನರು, ಅವರ ಪತ್ನಿ, ವಯಸ್ಸಾದ ತಾಯಿ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳಿದ್ದರು. ಮಗ ಹೊರದೇಶದಲ್ಲಿ ಕೆಲಸದಲ್ಲಿದ್ದು, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ. ಬಾರ್ಬೆಕ್ಯೂ ಕಳುಹಿಸಿದವನು ಅವನೇ. ನಾಲ್ಕು ಬರ್ನರ್, ಸ್ಟೀಲಿನ ಮುಚ್ಚಳ, ಅಡಿಯಲ್ಲಿ ಎಣ್ಣೆ ಇಳಿಯುವ ತಟ್ಟೆ. ಗಾಲಿಯ ಗಾಡಿಯಿಲ್ಲದೆ, ಕಟ್ಟೆಯ ಮೇಲಿನ ಕಲ್ಲನ್ನು ಕೊರೆದು ಒಳಗಿಳಿಸುವ ಮಾದರಿ. ಇವರದು ಮಾಂಸ ತಿನ್ನುವ ಮನೆಯಲ್ಲ. ಮುಸುಕಿನ ಜೋಳ, ಪನೀರ್, ದಪ್ಪ ಮೆಣಸಿನಕಾಯಿ ಸುಡುವುದು ಮಕ್ಕಳ ಆಸೆಯಾದರೆ, ಗೊಜ್ಜಿಗೆ ಬದನೆಕಾಯಿ ಸುಡುವುದು ಅಜ್ಜಿಯ ಆಸೆ.

ಮನೆ ಉತ್ತರಕ್ಕೆ ಮುಖ ಮಾಡಿದೆ, ಹಿತ್ತಲು ದಕ್ಷಿಣಕ್ಕಿದೆ. ಪಶ್ಚಿಮಕ್ಕೆ ಮನೆಗಳಿಲ್ಲ, ಶೇಂಗಾ ಮತ್ತು ಈರುಳ್ಳಿ ಬೆಳೆಯುವ ಹೊಲಗಳು, ಅವುಗಳಾಚೆ ಬೆಟ್ಟದ ಸಾಲು, ಸಾಲಿನ ನೆತ್ತಿಯಲ್ಲಿ ಗಾಳಿಯಂತ್ರಗಳು. ಆ ನೋಟ ಕಾಣಲೆಂದು ಪಶ್ಚಿಮದ ಕಾಂಪೌಂಡ್ ಗೋಡೆಯನ್ನು ಮೂರೇ ಅಡಿಗೆ ನಿಲ್ಲಿಸಿದ್ದರು. ಕಟ್ಟೆಯನ್ನೂ ಅದೇ ಗೋಡೆಗೆ ಒತ್ತಿಕೊಂಡು, ಅಡುಗೆ ಮಾಡುವವರು ಬೆಟ್ಟ ನೋಡುತ್ತಾ ನಿಲ್ಲುವಂತೆ ಕಟ್ಟಿಸಿದರು. ಬೆಂಕಿಯ ಜಾಗ ಆಗ್ನೇಯದಲ್ಲಿರಬೇಕೆಂದು ಅಜ್ಜಿ ಆಗಲೇ ಆಕ್ಷೇಪಿಸಿದ್ದರಂತೆ. ಒಳಗಿನ ಅಡುಗೆಮನೆ ಆಗ್ನೇಯದಲ್ಲಿಯೇ ಇದೆಯಲ್ಲ ಎಂದು ಹೇಳಿ ಅವರನ್ನು ಸಮಾಧಾನಪಡಿಸಿದ್ದರು.

ಕಟ್ಟೆ ಸಿಮೆಂಟ್ ಬ್ಲಾಕಿನದು: ಆರಡಿ ಉದ್ದ, ಎರಡೂವರೆ ಅಡಿ ಅಗಲ, ಮೂರಡಿ ಎತ್ತರ. ಮೇಲೆ ಕಪ್ಪು ಗ್ರಾನೈಟ್, ಕೆಳಗೆ ಎರಡು ಸ್ಟೀಲ್ ಬಾಗಿಲು. ಒಳಗೆ ಎಡಕ್ಕೆ ಸಿಂಕಿನ ಕೊಳವೆ, ಬಲಕ್ಕೆ ಬಾರ್ಬೆಕ್ಯೂವಿನ ಕೆಳಗೆ 14.2 ಕೆಜಿ ಸಿಲಿಂಡರ್. ಇಲಿ, ಹಲ್ಲಿ ಸೇರಬಾರದೆಂದು ಮೇಸ್ತ್ರಿ ಒಳಗೆಲ್ಲ ಗಾರೆ ಮಾಡಿ, ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಹಚ್ಚಿದ್ದರು. ತೊಳೆದ ನೀರು ಕೊಳವೆಗೆ ಇಳಿಯಲೆಂದು ಒಳಗಿನ ನೆಲವನ್ನು ಹೊರಗಿನ ಅಂಗಳಕ್ಕಿಂತ ಎರಡು ಇಂಚು ತಗ್ಗಿಸಿದ್ದರು. ಬಿಸಿ ಹೋಗಲು ಹಿಂಬದಿಯ ಮೇಲ್ಭಾಗದಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟಿದ್ದರು. ಅಡುಗೆಮನೆಯ ಕಟ್ಟೆ ಕಟ್ಟುವವರು ಹೇಗೆ ಯೋಚಿಸುತ್ತಾರೋ ಹಾಗೆಯೇ ಅವರು ಯೋಚಿಸಿದ್ದರು.

ತೊಂದರೆ ಶುರುವಾದದ್ದು

ಯುಗಾದಿಯ ಹೊತ್ತಿಗೆ ಮೊದಲ ಬಾರಿ ಹಚ್ಚಿದಾಗ ಜ್ವಾಲೆ ಎತ್ತರಕ್ಕೆ ಎದ್ದು ಹಳದಿಯಾಗಿ ಉರಿಯಿತು. ಸರಳುಗಳ ಮೇಲೆ ಮಸಿ ಕಟ್ಟಿತು. ಕಾರಣ ಸರಳ. ಬಡಾವಣೆಗೆ ಕೊಳವೆ ಗ್ಯಾಸ್ ಬರಲಿದೆ ಎಂಬ ಮಾತು ಕೇಳಿ, ಮಗ ನೈಸರ್ಗಿಕ ಅನಿಲದ ಮಾದರಿಯನ್ನೇ ಕೊಂಡಿದ್ದ. ನೈಸರ್ಗಿಕ ಅನಿಲಕ್ಕೆ ಅಷ್ಟೇ ಗಾತ್ರದ ಎಲ್‌ಪಿಜಿಗಿಂತ ಶಾಖ ಕಡಿಮೆ, ಆದ್ದರಿಂದ ಅದರ ಜೆಟ್‌ಗಳ, ಅಂದರೆ ಬರ್ನರಿಗೆ ಗ್ಯಾಸ್ ಚಿಮ್ಮುವ ಮೂತಿಗಳ, ತೂತು ದೊಡ್ಡದು. ಆ ತೂತಿನಲ್ಲಿ ಎಲ್‌ಪಿಜಿ ಹರಿಸಿದರೆ ಬರ್ನರ್ ಎಳೆದುಕೊಳ್ಳುವ ಗಾಳಿ ಸಾಲದೆ ಹೊಗೆ, ಮಸಿ, ಕಾರ್ಬನ್ ಮಾನಾಕ್ಸೈಡ್ ಎಲ್ಲವೂ ಹೆಚ್ಚುತ್ತವೆ. ಒಲೆ ರಿಪೇರಿ ಮಾಡುವವರೊಬ್ಬರು ಪ್ರತಿ ಜೆಟ್ಟಿನೊಳಗೂ ತೆಳು ತಂತಿ ತೂರಿಸಿ ತೂತನ್ನು ಕಿರಿದು ಮಾಡಿಕೊಟ್ಟರು. ಜ್ವಾಲೆ ತಗ್ಗಿತು, ಬಣ್ಣ ಸುಧಾರಿಸಿತು. ಬೇಸಿಗೆಯಿಡೀ ಹಾಗೆಯೇ ನಡೆಯಿತು.

ಆಷಾಢ ಬಂತು. ಚಿತ್ರದುರ್ಗದ ಆಷಾಢದ ಗಾಳಿಯನ್ನು ಬಲ್ಲವರಿಗೆ ಮುಂದಿನದನ್ನು ಹೆಚ್ಚು ಹೇಳಬೇಕಿಲ್ಲ. ಮಳೆ ಬರಲಿ ಬಿಡಲಿ, ಪಶ್ಚಿಮ ಮತ್ತು ನೈಋತ್ಯದಿಂದ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಆ ಬೆಟ್ಟಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಮೂರಡಿ ಗೋಡೆಯನ್ನು ದಾಟಿ ಬಂದ ಗಾಳಿ ನೇರವಾಗಿ ಬಾರ್ಬೆಕ್ಯೂವಿನ ಬೆನ್ನಿಗೆ ಬಡಿಯುತ್ತಿತ್ತು. ಮುಚ್ಚಳದ ಹಿಂಬದಿಯಲ್ಲಿ ಬಿಸಿ ಗಾಳಿ ಹೊರಹೋಗಲು ಉದ್ದನೆಯ ಸಂದಿಯಿರುತ್ತದೆ. ಗಾಳಿ ಅದರೊಳಗೇ ನುಗ್ಗಿ, ಬಿಸಿಯನ್ನು ಮುಂಬದಿಯ, ಉರಿ ಹೆಚ್ಚುಕಡಿಮೆ ಮಾಡುವ ಗುಂಡಿಗಳ ಕಡೆಗೆ ತಳ್ಳುತ್ತಿತ್ತು. ಜೋಳ ಬೇಯುವುದಕ್ಕೆ ಮೊದಲೇ ಗುಂಡಿಗಳು ಮುಟ್ಟಲಾಗದಷ್ಟು ಕಾಯುತ್ತಿದ್ದವು, ಬರ್ನರ್‌ಗಳು ನಡುನಡುವೆ ಆರುತ್ತಿದ್ದವು.

ಇದಕ್ಕೆ ಮನೆಯವರು ಕಂಡುಕೊಂಡ ಪರಿಹಾರ ತಗಡಿನ ಹಾಳೆ. ಗಾಳಿಗೆ ಅಡ್ಡ ಎಂದು ಬಾರ್ಬೆಕ್ಯೂವಿನ ಬೆನ್ನಿಗೇ ತಗಡನ್ನು ಒತ್ತಿ ಕಟ್ಟಿದರು. ಗಾಳಿಯೇನೋ ನಿಂತಿತು. ಅದರ ಜೊತೆಗೆ ಬಿಸಿ ಹೊರಹೋಗುವ ದಾರಿಯೂ ಮುಚ್ಚಿತು. ಒಂದು ಗುಂಡಿಯ ಪ್ಲಾಸ್ಟಿಕ್ ಅಂಚು ಮೆತ್ತಗಾಗಿ ಜಾರಿತು. ಗ್ರಾನೈಟಿನ ಕೊರೆದ ಮೂಲೆಯಿಂದ ಅಂಚಿನವರೆಗೆ ಸಣ್ಣ ಬಿರುಕು ಬಿಟ್ಟಿತು. ಕಣ್ಣಿಗೆ ಕಾಣದ ಹಾನಿ ಕಟ್ಟೆಯೊಳಗೆ ನಡೆಯುತ್ತಿತ್ತು.

ಸಂಜೆಯ ಘಟನೆ

ಒಂದು ಸಂಜೆ ಮುಚ್ಚಳ ಹಾಕಿ ಬದನೆಕಾಯಿ ಸುಡುತ್ತಿದ್ದಾಗ ಬಲಗಡೆಯ ಎರಡು ಬರ್ನರ್ ಆರಿದವು. ಜ್ವಾಲೆ ಆರಿದೊಡನೆ ಗ್ಯಾಸನ್ನು ತಾನಾಗಿ ನಿಲ್ಲಿಸುವ ಸಾಧನ ಬಹಳಷ್ಟು ಬಾರ್ಬೆಕ್ಯೂಗಳಲ್ಲಿ ಇರುವುದಿಲ್ಲ, ಇದರಲ್ಲೂ ಇರಲಿಲ್ಲ. ಎಷ್ಟು ಹೊತ್ತು ಗ್ಯಾಸ್ ಹಾಗೆಯೇ ಹರಿಯಿತೋ ಯಾರೂ ಗಮನಿಸಿರಲಿಲ್ಲ. ಸೊಸೆಗೆ ವಾಸನೆ ಬಡಿದದ್ದು ಮುಚ್ಚಳದ ಬಳಿಯಲ್ಲಲ್ಲ, ಕೆಳಗೆ ಬಿದ್ದ ಸೌಟು ಎತ್ತಿಕೊಳ್ಳಲು ಬಗ್ಗಿದಾಗ, ಬಾಗಿಲಿನ ತಳದ ಹತ್ತಿರ.

ಕಿಡಿ ಹೊತ್ತಿಸುವ ಗುಂಡಿಯ ಮೇಲೆ ಮಗುವಿನ ಕೈ ಆಗಲೇ ಇತ್ತು. ಆಕೆ ಕೈ ಹಿಡಿದು ಸರಿಸಿ, ಮಕ್ಕಳನ್ನು ಮನೆಯ ಮುಂಭಾಗಕ್ಕೆ ಕಳುಹಿಸಿ, ಬಾಗಿಲು ತೆರೆದು ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿದರು. ಮತ್ತೆ ಹಚ್ಚಲಿಲ್ಲ. ಹಿತ್ತಲಿನ ದೀಪದ ಸ್ವಿಚ್ಚನ್ನೂ ಮುಟ್ಟಲಿಲ್ಲ. ಎರಡೂ ಬಾಗಿಲು ಹಾರು ಹೊಡೆದು ದೂರ ಬಂದು ನಿಂತರು. ಈ ಪ್ರಕರಣದ ಮೊದಲ ಹಾಗೂ ಅತಿ ಮುಖ್ಯ ನಿರ್ಧಾರ ಅದು. ಮಾವನವರು, "ಬಯಲಲ್ಲಿದೆಯಲ್ಲಮ್ಮ, ಗಾಳಿಗೆ ಹೋಗಿಬಿಡುತ್ತದೆ, ಇನ್ನೊಮ್ಮೆ ಹಚ್ಚು" ಎಂದಿದ್ದರು. ಆಕೆ ಒಪ್ಪಲಿಲ್ಲ. "ಮೇಲೆ ವಾಸನೆಯಿಲ್ಲ ಮಾವ, ಕೆಳಗಿದೆ" ಎಂದರಂತೆ. ಇಡೀ ಪ್ರಕರಣದ ತಿರುಳು ಆ ಮಾತಿನಲ್ಲಿದೆ.

ನಾವು ಕಂಡದ್ದು

ನನ್ನನ್ನು ಕರೆದದ್ದು ಆಮೇಲೆ. ತಗಡು ತೆಗೆಸಿ, ಬಾರ್ಬೆಕ್ಯೂವನ್ನು ಕಲ್ಲಿನಿಂದ ಮೇಲೆತ್ತಿಸಿದೆ. ಸಿಲಿಂಡರಿನಿಂದ ಬರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪು ಎಣ್ಣೆ ತಟ್ಟೆಯ ಹಿಂದೆ ಬಳಸಿಕೊಂಡು ಹೋಗಿತ್ತು. ತಟ್ಟೆಗೆ ತಾಗಿದ ಕಡೆ ಅದು ಕಂದಿ ಕಪ್ಪಾಗಿ, ಹೆಬ್ಬೆರಳಿನಿಂದ ಬಗ್ಗಿಸಿದರೆ ಸಣ್ಣ ಸೀಳುಗಳು ಬಾಯಿ ಬಿಡುತ್ತಿದ್ದವು. ಐದು ವರ್ಷ ಬಾಳಬೇಕಾದ ಪೈಪು ಅದು. ತಯಾರಾದ ದಿನಾಂಕ ಹೊಸದಾಗಿಯೇ ಇತ್ತು. ಅಂಗಳದ ಬಯಲಿನಲ್ಲಿ, ಯಾವ ಬೆಂಕಿಯೂ ಹತ್ತಿರವಿಲ್ಲದಂತೆ ನೋಡಿಕೊಂಡು, ಕ್ಷಣ ಹೊತ್ತು ಗ್ಯಾಸ್ ಬಿಟ್ಟು ಸಾಬೂನು ನೀರು ಸವರಿದೆವು. ಸೀಳಿನ ಜಾಗದಲ್ಲಿ ನೊರೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಪೈಪಿನ ತುದಿಯ ಜೋಡಣೆಯಲ್ಲೂ ಅದೇ. ಅಂದರೆ ಆ ಸಂಜೆ ಕಟ್ಟೆಯೊಳಗೆ ಗ್ಯಾಸ್ ಎರಡು ದಾರಿಯಲ್ಲಿ ಇಳಿದಿತ್ತು: ಆರಿದ ಬರ್ನರಿನಿಂದ ತಟ್ಟೆಯ ಸಂದಿಯ ಮೂಲಕ, ಮತ್ತು ಸುಟ್ಟ ಪೈಪಿನಿಂದ ನೇರವಾಗಿ.

ಇಲ್ಲಿ ಲೆಕ್ಕವೊಂದನ್ನು ಯಜಮಾನರ ಮುಂದೆ ಕಾಗದದ ಮೇಲೆ ಮಾಡಿ ತೋರಿಸಿದೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಅದು ಮೇಲೇರುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಸುಮಾರು ಎರಡು ಭಾಗ ತಲುಪಿದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಆ ಕಟ್ಟೆಯ ಒಳಗಿನ ಜಾಗ ಸುಮಾರು 800 ಲೀಟರ್. ಅದರಲ್ಲಿ ಎರಡು ಭಾಗವೆಂದರೆ 16 ಲೀಟರ್ ಅನಿಲ; ತೂಕದಲ್ಲಿ ಮೂವತ್ತೈದು, ನಲವತ್ತು ಗ್ರಾಂ. 14.2 ಕೆಜಿ ಸಿಲಿಂಡರಿನಲ್ಲಿ ಅದು ಲೆಕ್ಕಕ್ಕೇ ಬಾರದ ಪಾಲು. ಅದೂ ಅನಿಲ ಸಮನಾಗಿ ಹರಡಿಕೊಂಡರೆ ಇಷ್ಟು ಬೇಕು. ತಳದಲ್ಲಿ ಮಡುಗಟ್ಟಿದರೆ ಇನ್ನೂ ಕಡಿಮೆ ಸಾಕು. ಮೇಸ್ತ್ರಿ ಬಿಟ್ಟಿದ್ದ ಕಿಂಡಿ ಮೇಲ್ಭಾಗದಲ್ಲಿತ್ತು. ಗಾಳಿಗಿಂತ ಹಗುರವಾದ ನೈಸರ್ಗಿಕ ಅನಿಲಕ್ಕಾದರೆ ಅದರಿಂದ ಏನಾದರೂ ಪ್ರಯೋಜನವಿರುತ್ತಿತ್ತು. ಎಲ್‌ಪಿಜಿಗೆ ಅದು ಇದ್ದೂ ಇಲ್ಲದಂತೆ.

ಯಜಮಾನರು ಆ ಕಾಗದವನ್ನು ಬಹಳ ಹೊತ್ತು ಕೈಯಲ್ಲಿಟ್ಟುಕೊಂಡು ನೋಡಿದರು. ಆಮೇಲೆ ಬಾರ್ಬೆಕ್ಯೂ ಬೇಡವೇ ಬೇಡ ಎಂಬ ಮಾತೂ ಬಂತು.

ಕೊರೆಯುವುದೋ, ಕೆಡಹುವುದೋ

ಎಲ್ಲರಿಗೂ ಮೊದಲು ಹೊಳೆದ ದಾರಿ ಅಗ್ಗದ್ದು: ಕಟ್ಟೆಗೆ ತೂತು ಕೊರೆಯುವುದು. ಮೇಸ್ತ್ರಿ ಯಂತ್ರ ಹಿಡಿದೇ ಬಂದಿದ್ದರು. ಅದು ತಪ್ಪು ಆಲೋಚನೆಯಲ್ಲ. ಇಂತಹ ಬಾರ್ಬೆಕ್ಯೂಗಳ ಕೈಪಿಡಿಗಳಲ್ಲಿ ಸಿಲಿಂಡರ್ ಇಡುವ ಗೂಡಿಗೆ ಅಳತೆ ಕೊಟ್ಟಿರುತ್ತಾರೆ. ಒಂದೋ ಒಂದು ಬದಿ ಪೂರ್ತಿ ತೆರೆದಿರಬೇಕು. ಇಲ್ಲವೇ ಮೇಲೂ ಕೆಳಗೂ ಕಿಂಡಿಗಳಿರಬೇಕು. 9 ಕೆಜಿ ಸಿಲಿಂಡರಿಗೆ ಮೇಲೆ 129 ಚದರ ಸೆಂ.ಮೀ., ನೆಲಮಟ್ಟದಲ್ಲಿ 65 ಚದರ ಸೆಂ.ಮೀ. ಎಂಬುದು ಸಾಮಾನ್ಯವಾಗಿ ಕಾಣುವ ಲೆಕ್ಕ. ಅದೇ ಪ್ರಮಾಣದಲ್ಲಿ ನಮ್ಮ 14.2 ಕೆಜಿಗೆ ಸುಮಾರು 200 ಮತ್ತು 100 ಆಗುತ್ತದೆ. ಕೊರೆಯಲು ಕಷ್ಟವೇನಿಲ್ಲ.

ತಡೆದದ್ದು ಆ ಎರಡು ಇಂಚಿನ ತಗ್ಗು. ಒಳಗಿನ ನೆಲ ಅಂಗಳಕ್ಕಿಂತ ಕೆಳಗಿದ್ದುದರಿಂದ ನೆಲಮಟ್ಟದ ಕಿಂಡಿ ಎಂಬುದೇ ಅಲ್ಲಿ ಅಸಾಧ್ಯ. ಎಲ್ಲಿ ಕೊರೆದರೂ ಅದರ ಕೆಳಗೆ ಎರಡು ಇಂಚು ಗ್ಯಾಸ್ ನಿಲ್ಲುವ ಜಾಗ ಉಳಿಯುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಸಿಂಕಿನ ಕೊಳವೆ. ಅದು ನೆಲದ ತೂತಿನಲ್ಲಿ ಸಡಿಲವಾಗಿ ಇಳಿದು ಚರಂಡಿಯ ಚೇಂಬರಿಗೆ ಸೇರುತ್ತಿತ್ತು. ಚೇಂಬರಿನಿಂದ ಮನೆಯೊಳಗಿನ ಬಚ್ಚಲಿಗೂ ಸಂಪರ್ಕವಿತ್ತು. ಹಿತ್ತಲಲ್ಲಿ ಸೋರಿದ ಗ್ಯಾಸ್ ಮನೆಯೊಳಗೆ ಬರುವುದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ ಆಗುತ್ತಿತ್ತು. ಇದನ್ನು ಕೊಳವೆಯ ಪಕ್ಕದ ಸಂದಿಗೆ ಕೈ ಹಾಕಿ ತೋರಿಸಿದಾಗ ಮೇಸ್ತ್ರಿಯೇ ಯಂತ್ರವನ್ನು ಚೀಲಕ್ಕೆ ಹಾಕಿದರು. "ಸಾರ್, ಇದರಲ್ಲಿ ಸಿಲಿಂಡರ್ ಇಡುವುದು ಬೇಡ" ಎಂದವರು ಅವರೇ. ಸಿಲಿಂಡರ್ ಕಟ್ಟೆಯಿಂದ ಹೊರಬರುವುದು ಅಲ್ಲಿಗೆ ತೀರ್ಮಾನವಾಯಿತು.

ಉಳಿದದ್ದು ಗಾಳಿ. ಸಿಲಿಂಡರನ್ನು ದೂರ ಸಾಗಿಸಿ, ಗ್ಯಾಸ್ ಪೂರ್ತಿ ಹೋದದ್ದನ್ನು ಖಚಿತಪಡಿಸಿಕೊಂಡ ಮೇಲೆ, ಬಾರ್ಬೆಕ್ಯೂವನ್ನು ಹಿಂದಿನ ಜಾಗದಲ್ಲೇ ಕೂರಿಸಿ, ಮುಚ್ಚಳದೊಳಗೆ ಒಂದು ಹಿಡಿ ಊದುಬತ್ತಿ ಹಚ್ಚಿಟ್ಟೆವು. ಹೊಗೆ ಹಿಂದಿನ ಸಂದಿಯಿಂದ ಹೊರಬರಬೇಕಿತ್ತು. ಬಂದದ್ದು ಮುಂದಿನಿಂದ, ಗುಂಡಿಗಳ ಸುತ್ತಲಿನ ಬಿರುಕುಗಳಿಂದ, ನಾಲ್ಕು ತೆಳು ಎಳೆಗಳಾಗಿ. ಗಾಳಿ ಜೋರಾದಾಗಲೆಲ್ಲ ಎಳೆಗಳು ದಪ್ಪವಾಗುತ್ತಿದ್ದವು. ಯಜಮಾನರು ಅಂಗೈಯನ್ನು ಗುಂಡಿಗಳ ಮುಂದೆ ಹಿಡಿದು ನೋಡಿದರು. ನಾನು ಹೇಳಬೇಕಾದದ್ದನ್ನೆಲ್ಲ ಊದುಬತ್ತಿಯೇ ಹೇಳಿತು.

ಹಿಂಬದಿಯಿಂದ ಗಾಳಿ ಬಡಿಯುವ ಕಡೆ ಇಂತಹ ಬಾರ್ಬೆಕ್ಯೂ ಇಡಬಾರದು. ಮುಂದಿನಿಂದಲೋ ಪಕ್ಕದಿಂದಲೋ ಬಂದರೆ ಬಿಸಿ ಹಿಂದಕ್ಕೆ ಹೋಗುತ್ತದೆ. ಪಶ್ಚಿಮದ ಗೋಡೆಯನ್ನು ಎತ್ತರಿಸಿದರೆ ಸಾಲದೇ ಎಂದು ಕೇಳಿದರು. ಗಟ್ಟಿ ಗೋಡೆಯನ್ನು ದಾಟಿದ ಗಾಳಿ ಅದರ ಬೆನ್ನಿಗೇ ಸುಳಿ ಸುತ್ತಿ ಇಳಿಯುತ್ತದೆ, ಮತ್ತು ಗೋಡೆಗೆ ಒತ್ತಿ ಕೂತ ಬಾರ್ಬೆಕ್ಯೂಗೆ ಬಿಸಿ ಬಿಡಲು ಜಾಗವೇ ಇರುವುದಿಲ್ಲ. ತಗಡಿನ ಕಥೆಯೇ ಮರುಕಳಿಸುತ್ತದೆ. ಆದ್ದರಿಂದ ಕಟ್ಟೆಯ ಜಾಗವನ್ನೇ ಬದಲಿಸಬೇಕು, ಅಡುಗೆಯವರು ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕು ಎಂದೆ. ಕಲ್ಲಿಗೆ, ಕೂಲಿಗೆ ಸುರಿದ ಹಣವನ್ನು ನೆನೆದು ಯಜಮಾನರು ಹಿಂಜರಿದರು. ಆ ಹಿಂಜರಿಕೆ ನ್ಯಾಯವಾದದ್ದೇ. ಕಟ್ಟಿದ್ದನ್ನು ಕೆಡಹುವುದು ಯಾರಿಗೂ ಹಿತವಲ್ಲ.

ಆಗ ಅಜ್ಜಿ, "ಹಾಗಾದರೆ ಆಗ್ನೇಯ ಮೂಲೆಗೇ ಬಂತಲ್ಲಪ್ಪ" ಎಂದರು. ನಿವೇಶನದ ನಕ್ಷೆ ಹರಡಿ ನೋಡಿದರೆ, ಪಶ್ಚಿಮದ ಗಾಳಿ ಮುಂದಿನಿಂದ ಬರುವಂತೆ, ಹಿಂದೆ ಜಾಗ ಸಿಗುವಂತೆ, ಮನೆಯ ಕಿಟಕಿಗಳಿಂದ ದೂರವಿರುವಂತೆ ಉಳಿದದ್ದು ಅದೊಂದೇ ಮೂಲೆ. ವಾಸ್ತುವಿನ ಲೆಕ್ಕ ಎಲ್ಲ ನಿವೇಶನದಲ್ಲೂ ಗಾಳಿಯ ಲೆಕ್ಕಕ್ಕೆ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಈ ಮನೆಯಲ್ಲಿ ಹೊಂದಿತು, ಹಣದ ಚಿಂತೆಗಿಂತ ಅಜ್ಜಿಯ ಮಾತಿಗೆ ತೂಕ ಹೆಚ್ಚಾಯಿತು, ಕೆಲಸ ಮುಂದೆ ಸಾಗಿತು.

ಹೊಸ ಕಟ್ಟೆ

ಹೊಸ ಕಟ್ಟೆಯ ಹಿಂಬದಿಗೂ ಪೂರ್ವದ ಕಾಂಪೌಂಡಿಗೂ ನಡುವೆ ಮೂರಡಿ ಬಿಟ್ಟೆವು. ಒಳಗಿನ ನೆಲವನ್ನು ಅಂಗಳಕ್ಕಿಂತ ಎತ್ತರಿಸಿ ಹೊರಕ್ಕೆ ಇಳಿಜಾರು ಕೊಟ್ಟೆವು. ಸಿಂಕು ಹಳೆಯ ಜಾಗದಲ್ಲೇ ಉಳಿಯಿತು. ಬಾರ್ಬೆಕ್ಯೂವಿನ ಕೆಳಗೆ ಬಾಗಿಲ ಬದಲು ಜಾಲಿ ಬಂತು, ಎದುರುಬದುರು ಗೋಡೆಗಳಲ್ಲಿ ತಳದಿಂದಲೇ ಶುರುವಾಗುವ ಕಿಂಡಿಗಳು ಬಂದವು. ಇಲಿ ಬರುತ್ತದೆಂದು ಮೇಸ್ತ್ರಿ ಮತ್ತೆ ಕೇಳಿದಾಗ ಸಣ್ಣ ಕಣ್ಣಿನ ಸ್ಟೀಲ್ ಬಲೆ ಹಾಕಿಸಿದೆವು. ಅದರಲ್ಲಿ ಧೂಳು, ಜೇಡರಬಲೆ ಕಟ್ಟದಂತೆ ಆಗಾಗ ಗುಡಿಸಬೇಕಾಗುತ್ತದೆ.

ಸಿಲಿಂಡರಿಗೆ ಬೇರೆಯೇ ಗೂಡು. ನೆರಳಿಗೆ ಮೇಲೆ ಕಡಪ ಕಲ್ಲು, ಮೂರು ಬದಿ ಗೋಡೆ, ಉತ್ತರದ ಬದಿ ಪೂರ್ತಿ ಬಯಲು. ಸಿಲಿಂಡರ್ ಸದಾ ನೆಟ್ಟಗೆ, ಎತ್ತರಿಸಿದ ನೆಲದ ಮೇಲೆ, ಚೇಂಬರುಗಳಿಂದ ದೂರ. ಅಲ್ಲಿಂದ ಬಾರ್ಬೆಕ್ಯೂವರೆಗೆ ತಾಮ್ರದ ಕೊಳವೆ, ಎರಡೂ ತುದಿಯಲ್ಲಿ ಮುಚ್ಚುವ ಕವಾಟ. ಅಡುಗೆ ಮಾಡುವವರು ಬೆಂಕಿಯ ಮೇಲೆ ಕೈ ಚಾಚದೆ ಮುಚ್ಚುವಂತಿರಬೇಕು ಎಂಬ ಕಾರಣಕ್ಕೆ ಒಂದನ್ನು ಕಟ್ಟೆಯ ಪಕ್ಕದಲ್ಲಿ ಇಟ್ಟೆವು. ರಬ್ಬರ್ ಪೈಪು ಸಿಲಿಂಡರಿನಿಂದ ಕೊಳವೆಯವರೆಗಿನ ಸಣ್ಣ ತುಂಡಿಗೆ ಸೀಮಿತವಾಯಿತು. ಅದು ಕಣ್ಣಿಗೆ ಕಾಣುತ್ತದೆ, ಗೋಡೆಯ ಒಳಗೆ ಹೋಗುವುದಿಲ್ಲ, ಬಿಸಿ ಅದರ ಹತ್ತಿರ ಸುಳಿಯುವುದಿಲ್ಲ. ಕೊಳವೆಗೆ ಮೊದಲು ಗಾಳಿಯ ಒತ್ತಡ ಕೊಟ್ಟು ಪರೀಕ್ಷಿಸಿದೆವು, ಆಮೇಲೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಬಂದು ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ನೋಡಿದರು.

ಜೆಟ್ಟುಗಳ ತಂತಿ ಕಿತ್ತು ಹಾಕಿ, ಆ ಮಾದರಿಗೆಂದೇ ತಯಾರಕರು ಕೊಡುವ ಎಲ್‌ಪಿಜಿ ಜೆಟ್ಟುಗಳನ್ನು ಮಗನಿಂದ ತರಿಸಿ ಹಾಕಿದೆವು. ತಂತಿ ತೂರಿಸಿದ ಜೆಟ್ಟು ಇಂದು ಸರಿಯಾಗಿ ಉರಿದರೂ, ತಂತಿ ಕದಲಿದ ದಿನ ಹೇಗೆ ಉರಿಯುತ್ತದೆಂದು ಯಾರೂ ಹೇಳಲಾರರು. ರೆಗ್ಯುಲೇಟರಿನ ಒತ್ತಡವೂ ಬಾರ್ಬೆಕ್ಯೂವಿನ ಮಾಹಿತಿ ಫಲಕದ ಮೇಲೆ ಬರೆದ ಒತ್ತಡವೂ ತಾಳೆಯಾಗುತ್ತವೆಯೇ ಎಂದು ನೋಡಿಕೊಳ್ಳಬೇಕು; ನಮ್ಮ ಮನೆಬಳಕೆಯ ರೆಗ್ಯುಲೇಟರ್ ಕೊಡುವುದು ಸುಮಾರು 30 ಮಿಲಿಬಾರ್. ನಾಲ್ಕೂ ಬರ್ನರ್ ಸೇರಿ 14 ಕಿಲೋವಾಟ್ ಎಂದು ಬರೆದಿತ್ತು. ಎಲ್ಲವನ್ನೂ ಪೂರ್ತಿ ತೆರೆದರೆ ಗಂಟೆಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಗ್ಯಾಸ್ ಬೇಕು. ಅಷ್ಟನ್ನು ಒಂದೇ ಸಿಲಿಂಡರಿನಿಂದ ಎಳೆಯುತ್ತಾ ಹೋದರೆ ಅದು ತಣ್ಣಗಾಗಿ ಬೆವರುತ್ತದೆ, ಜ್ವಾಲೆ ಸೊರಗುತ್ತದೆ, ಗ್ಯಾಸ್ ಮುಗಿಯಿತೆಂದು ಜನ ಸಿಲಿಂಡರ್ ಬದಲಿಸಲು ಹೊರಡುತ್ತಾರೆ. ಬೆಂಕಿ ಇರುವಾಗ ಸಿಲಿಂಡರ್ ಬದಲಿಸುವುದು ಬೇಡವೆಂದು ಮನೆಯವರಿಗೆ ಒತ್ತಿ ಹೇಳಿದೆ. ಎರಡು ಬರ್ನರ್‌ಗಳಲ್ಲಿಯೇ ಅವರ ಅಡುಗೆ ಚೆನ್ನಾಗಿ ಸಾಗುತ್ತಿದೆ.

ಗ್ರಾನೈಟನ್ನು ಮತ್ತೆ ಬಳಸಿದೆವು. ಬಿರುಕಿನ ಭಾಗ ಕತ್ತರಿಸಿ, ಈ ಬಾರಿ ಕೊರೆತದ ಮೂಲೆಗಳನ್ನು ದುಂಡಗೆ ಮಾಡಿಸಿ, ಸ್ಟೀಲು ಹಿಗ್ಗಲು ಸುತ್ತಲೂ ಸಂದು ಬಿಟ್ಟೆವು. ಚೂಪು ಮೂಲೆಯಿಂದಲೇ ಕಲ್ಲು ಸೀಳುವುದು.

ಫಲಿತಾಂಶ

ಮರುವರ್ಷದ ಆಷಾಢದಲ್ಲಿ, ಗಾಳಿ ಜೋರಿದ್ದ ದಿನವೇ ಹಚ್ಚಿ ನೋಡಿದೆವು. ಹಿಂದೆ ಯುಗಾದಿಯ ಶಾಂತ ಗಾಳಿಯಲ್ಲಿ ಪರೀಕ್ಷಿಸಿ ಸರಿಯಿದೆ ಎಂದುಕೊಂಡದ್ದರಿಂದಲೇ ಅಲ್ಲವೇ ತೊಂದರೆ ಅಡಗಿ ಕೂತದ್ದು. ಜ್ವಾಲೆ ನೀಲಿಯಾಗಿತ್ತು, ಗುಂಡಿಗಳನ್ನು ಬರಿಗೈಯಲ್ಲಿ ಹಿಡಿಯಬಹುದಿತ್ತು. ರಭಸದ ಗಾಳಿಗೆ ಒಂದು ಬರ್ನರ್ ಇನ್ನೂ ತೊನೆಯುತ್ತಿದ್ದುದರಿಂದ ಪಶ್ಚಿಮದ ಗೋಡೆಯ ಮೇಲೆ ಎರಡಡಿ ಜಾಲಿ ಇಟ್ಟಿಗೆ ಕಟ್ಟಿಸಿದೆವು. ತೂತುಗಳ ನಡುವೆ ಹಾದು ಬರುವ ಗಾಳಿಯ ರಭಸ ಮುರಿಯುತ್ತದೆ, ಸುಳಿಯೂ ಏಳುವುದಿಲ್ಲ. ಬೆಟ್ಟದ ನೋಟ ಸ್ವಲ್ಪ ಮರೆಯಾಯಿತು. ಯಜಮಾನರು ಅದಕ್ಕೆ ಒಪ್ಪಿದರು.

ಎರಡು ವಿಷಯ ಪೂರ್ತಿ ಬಗೆಹರಿದಿಲ್ಲ. ಹೊಗೆ ಈಗ ಪೂರ್ವದ ನೆರೆಮನೆಯ ಕಡೆಗೆ ಹೋಗುತ್ತದೆ. ಅವರ ಅಡುಗೆಮನೆಯ ಕಿಟಕಿ ಅದೇ ಬದಿಯಲ್ಲಿದೆ. ಸುಡುವ ಮೊದಲು ಹೇಳಿ ಕಳುಹಿಸುವ ರೂಢಿ ಮಾಡಿಕೊಂಡಿದ್ದಾರೆ, ಆದರೆ ಆ ಮನೆಯಲ್ಲಿ ಮುಂದೆ ಯಾರು ಬರುತ್ತಾರೋ. ಎರಡನೆಯದು ನನ್ನನ್ನು ಹೆಚ್ಚು ಕಾಡುವುದು: ಜ್ವಾಲೆ ಆರಿದರೆ ಗ್ಯಾಸ್ ನಿಲ್ಲಿಸುವ ಸಾಧನವನ್ನು ಈ ಮಾದರಿಗೆ ಹೊರಗಿನಿಂದ ಸೇರಿಸುವಂತಿಲ್ಲ. ಹಾಗಾಗಿ ಉರಿಯುವಾಗ ದೊಡ್ಡವರೊಬ್ಬರು ಕಟ್ಟೆ ಬಿಟ್ಟು ಕದಲುವುದಿಲ್ಲ. ಹಚ್ಚುವಾಗ ಮುಚ್ಚಳ ತೆರೆದೇ ಇರುತ್ತದೆ. ಆರಿದರೆ ಕವಾಟ ಮುಚ್ಚಿ, ಮುಚ್ಚಳ ತೆರೆದು, ಕನಿಷ್ಠ ಐದು ನಿಮಿಷ ಕಾದು ಮತ್ತೆ ಹಚ್ಚುತ್ತಾರೆ. ಸೋರಿಕೆಯ ದೂರಿನ ಸಹಾಯವಾಣಿ 1906ನ್ನು ಸೊಸೆ ಗೂಡಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದಾರೆ. ಈಚೆಗೆ ಇಂತಹ ಕಟ್ಟೆ ಕೇಳಿಕೊಂಡು ಬರುವವರಿಗೆಲ್ಲ, ಬಾರ್ಬೆಕ್ಯೂ ಕೊಳ್ಳುವ ಮೊದಲೇ ಆ ಸಾಧನ ಇದೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ಬೇರೆ ಮಾದರಿ ನೋಡಿ ಎಂದು ಹೇಳುತ್ತಿದ್ದೇನೆ.